ಘನತೆಯ ಸಾವಿಗೆ ಕಾನೂನಿನ ಒಪ್ಪಿಗೆ. ವಿಮೆಯ ಲೆಕ್ಕದಲ್ಲಿ ಮಾತ್ರ ಜಾಗವಿಲ್ಲ

ಶಿವಮೊಗ್ಗದಿಂದ ಸಾಗರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಆಯನೂರು ದಾಟಿದ ಮೇಲೆ ಕುಂಸಿ ಸಿಗುತ್ತದೆ. ಹೋಬಳಿ ಕೇಂದ್ರವಾದ ಈ ಊರಿನಲ್ಲಾಗಲಿ, ಸುತ್ತಲಿನ ಹಳ್ಳಿಗಳಲ್ಲಾಗಲಿ ಯಾರಿಗಾದರೂ ಗಂಭೀರ ಕಾಯಿಲೆ ಬಂದರೆ ಹೋಗಬೇಕಾದದ್ದು ಶಿವಮೊಗ್ಗಕ್ಕೆ. ಒಂದೋ ಮೆಗ್ಗಾನ್ ಬೋಧನಾ ಆಸ್ಪತ್ರೆ, ಇಲ್ಲವೇ ನಗರದ ಯಾವುದಾದರೂ ಖಾಸಗಿ ಆಸ್ಪತ್ರೆ. ಅಲ್ಲಿಯೂ ಆಗದಿದ್ದರೆ ಮಣಿಪಾಲ ಅಥವಾ ಬೆಂಗಳೂರು.

ಹೀಗೆ ಹೊರಟ ಕುಟುಂಬವೊಂದನ್ನು ಕಲ್ಪಿಸಿಕೊಳ್ಳಬಹುದು. ಎಪ್ಪತ್ತೈದು ದಾಟಿದ ಹಿರಿಯರು, ಹಲವು ವರ್ಷಗಳ ಶ್ವಾಸಕೋಶದ ಕಾಯಿಲೆ, ನಡುರಾತ್ರಿಯಲ್ಲಿ ಏರಿದ ಉಬ್ಬಸ. ಆಸ್ಪತ್ರೆ ತಲುಪುವ ಹೊತ್ತಿಗೆ ಅವರಿಗೆ ಮಾತು ನಿಂತಿರುತ್ತದೆ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ವೈದ್ಯರು ಮಗನ ಮುಂದೆ ಒಂದು ಕಾಗದ ಹಿಡಿಯುತ್ತಾರೆ. ವೆಂಟಿಲೇಟರ್‌ಗೆ ಹಾಕಬೇಕು, ಬೇಗ ಹೇಳಬೇಕು. ಮಗನಿಗೆ ಆ ಕ್ಷಣದಲ್ಲಿ ಎರಡು ಪ್ರಶ್ನೆಗಳು ಎದುರಾಗುತ್ತವೆ. ಅಪ್ಪಯ್ಯನಿಗೆ ಇದು ಬೇಕಿತ್ತೇ? ಇದರ ಖರ್ಚನ್ನು ಯಾರು ಕೊಡುತ್ತಾರೆ?

ಮೊದಲ ಪ್ರಶ್ನೆಗೆ ಉತ್ತರ ಅಪ್ಪನೊಬ್ಬನಿಗೇ ಗೊತ್ತು. ಅವರನ್ನು ಕೇಳುವ ಕಾಲ ಮೀರಿದೆ. ಎರಡನೆಯದಕ್ಕೆ ಉತ್ತರ ಪಾಲಿಸಿಯ ಸಣ್ಣ ಅಕ್ಷರಗಳಲ್ಲಿದೆ. ಅದನ್ನು ಮನೆಯಲ್ಲಿ ಯಾರೂ ಓದಿರುವುದಿಲ್ಲ. ರಾಜ್ಯದ ಬಹುತೇಕ ಮನೆಗಳ ಸ್ಥಿತಿ ಇದಕ್ಕಿಂತ ಭಿನ್ನವಾಗಿಲ್ಲ. ಆದರೆ ಕಳೆದ ಕೆಲವು ವರ್ಷಗಳಲ್ಲಿ ಕಾನೂನು ಬಹಳ ಮುಂದೆ ಹೋಗಿದೆ. ವಾಸಿಯಾಗದ ಕಾಯಿಲೆಯ ಕೊನೆಯ ಹಂತದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕು ಈಗ ಪ್ರತಿಯೊಬ್ಬ ವಯಸ್ಕ ನಾಗರಿಕನಿಗೂ ಇದೆ. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದಕ್ಕೆ ಆದೇಶವನ್ನೂ ಹೊರಡಿಸಿದೆ. ಹಕ್ಕು ಮತ್ತು ಹಣದ ನಡುವೆ ಮಾತ್ರ ಇನ್ನೂ ಸೇತುವೆ ಬಿದ್ದಿಲ್ಲ.

ಹಳದೀಪುರದಿಂದ ದಾವಣಗೆರೆಯವರೆಗೆ

ಈ ಹಕ್ಕಿನ ಚರಿತ್ರೆಯಲ್ಲಿ ಕನ್ನಡ ನಾಡಿನ ಇಬ್ಬರು ಮಹಿಳೆಯರ ಹೆಸರು ಸೇರಿಕೊಂಡಿದೆ. ಮೊದಲನೆಯವರು ಅರುಣಾ ಶಾನಭಾಗ. ಕುಂಸಿಯ ಮೂಲಕ ಹಾದುಹೋಗುವ ಇದೇ ಹೆದ್ದಾರಿ ಕೊನೆಗೆ ಸೇರುವ ಹೊನ್ನಾವರ ತಾಲ್ಲೂಕಿನ ಹಳದೀಪುರದವರು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅವರ ಮೇಲೆ 1973ರ ನವೆಂಬರ್ 27ರಂದು ಆಸ್ಪತ್ರೆಯ ನೌಕರನೊಬ್ಬ ಅಮಾನುಷ ಹಲ್ಲೆ ನಡೆಸಿದ. ಮಿದುಳಿಗೆ ರಕ್ತ ಸಂಚಾರ ನಿಂತು ಅವರು ಅರಿವು ಕಳೆದುಕೊಂಡರು. 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ, ನಾಲ್ಕು ದಶಕಗಳಿಗೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರನ್ನು ನೋಡಿಕೊಂಡವರು ಅಲ್ಲಿನ ದಾದಿಯರು.

ಅವರ ಪರವಾಗಿ ಪತ್ರಕರ್ತೆ ಪಿಂಕಿ ವಿರಾನಿ ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ತಳ್ಳಿಹಾಕಿತು. ಆದರೆ ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆದುಕೊಳ್ಳಲು ಸಾಧ್ಯವಿದೆ ಎಂದು ಮೊದಲ ಬಾರಿಗೆ ಹೇಳಿತು.

‘ಕಾಮನ್ ಕಾಸ್’ ಎಂಬ ಸಂಸ್ಥೆ 2005ರಲ್ಲಿಯೇ ಹೂಡಿದ್ದ ಮತ್ತೊಂದು ಅರ್ಜಿಯ ಮೇಲೆ ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ನೇತೃತ್ವದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2018ರ ಮಾರ್ಚ್ 9ರಂದು ತೀರ್ಪು ನೀಡಿತು. ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ಪೀಠ ಸಾರಿತು. ಜೀವಂತ ಉಯಿಲು ಅಥವಾ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಅಂದಿನಿಂದ ಕಾನೂನಿನ ಮಾನ್ಯತೆ ಬಂತು. ಆದರೆ ಪೀಠ ವಿಧಿಸಿದ ಷರತ್ತುಗಳು ಎಷ್ಟು ಬಿಗಿಯಾಗಿದ್ದವೆಂದರೆ, ಪತ್ರಕ್ಕೆ ನ್ಯಾಯಾಂಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ವೈದ್ಯಕೀಯ ಮಂಡಳಿಗೆ 20 ವರ್ಷಗಳ ಅನುಭವವುಳ್ಳ ತಜ್ಞರು ಬೇಕಿತ್ತು. ಜಿಲ್ಲಾ ಕೇಂದ್ರಗಳಲ್ಲಿ ಅಂತಹ ತಜ್ಞರನ್ನು ಒಟ್ಟುಗೂಡಿಸುವುದೇ ದುಸ್ತರ. ತೀವ್ರ ನಿಗಾ ವೈದ್ಯರ ಭಾರತೀಯ ಸಂಘ ಮತ್ತೆ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ನೇತೃತ್ವದ ಪೀಠ 2023ರ ಜನವರಿ 24ರಂದು ಈ ಷರತ್ತುಗಳನ್ನು ಸಡಿಲಿಸಿತು.

ಎರಡನೆಯ ಹೆಸರು ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರದು. ಬೆನ್ನುಹುರಿಯ ನೋವಿನಿಂದ ಬಳಲುತ್ತಿದ್ದ ಅವರು ಘನತೆಯ ಸಾವಿನ ಹಕ್ಕಿಗಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಗಳಿಗೆ ಪತ್ರ ಬರೆದರು, ನ್ಯಾಯಾಲಯಕ್ಕೆ ಅಲೆದರು. ರಾಜ್ಯ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುಪ್ರೀಂ ಕೋರ್ಟಿನ ನಿರ್ದೇಶನಗಳನ್ನು ಜಾರಿಗೊಳಿಸುವ ಆದೇಶ ಹೊರಡಿಸಿದಾಗ ಎಲ್ಲರಿಗೂ ನೆನಪಾದದ್ದು ಅವರೇ.

ಆದರೆ ಇಲ್ಲಿ ಒಂದು ಅಂತರವನ್ನು ಗಮನಿಸಬೇಕು. ಈ ಆದೇಶ ಜನರು ಸಾಮಾನ್ಯವಾಗಿ ‘ದಯಾಮರಣ’ ಎಂದು ಕರೆಯುವುದಕ್ಕೆ ಅನುಮತಿಯಲ್ಲ. ಚುಚ್ಚುಮದ್ದು ಕೊಟ್ಟು ಪ್ರಾಣ ತೆಗೆಯುವುದು ಭಾರತದಲ್ಲಿ ಇಂದಿಗೂ ಅಪರಾಧ. ಚೇತರಿಕೆಯ ಭರವಸೆಯೇ ಇಲ್ಲದ, ಯಂತ್ರದ ಬಲದಿಂದ ಮಾತ್ರ ಉಸಿರಾಡುತ್ತಿರುವ ರೋಗಿಗೆ ಆ ಯಂತ್ರವನ್ನು ಹಾಕದಿರುವುದು ಅಥವಾ ತೆಗೆಯುವುದು, ಕಾಯಿಲೆ ತನ್ನ ದಾರಿಯಲ್ಲಿ ಸಾಗಲು ಬಿಡುವುದು, ಅಷ್ಟಕ್ಕೇ ಆದೇಶದ ವ್ಯಾಪ್ತಿ. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರೂ ಇದನ್ನು ದಯಾಮರಣದೊಂದಿಗೆ ಬೆರೆಸಬಾರದೆಂದು ಸ್ಪಷ್ಟಪಡಿಸಿದ್ದರು.

ಬರೆದಿಡುವುದು ಹೇಗೆ?

2023ರ ತಿದ್ದುಪಡಿಯ ನಂತರ ವಿಧಾನ ಸಾಕಷ್ಟು ಸರಳವಾಗಿದೆ. ಮಾನಸಿಕವಾಗಿ ಸ್ವಸ್ಥರಾದ ಯಾವುದೇ ವಯಸ್ಕರು, ಯಾರ ಒತ್ತಡಕ್ಕೂ ಒಳಗಾಗದೆ, ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡವೆಂದು ಸ್ಪಷ್ಟವಾಗಿ ಬರೆಯಬೇಕು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಬೇಕು. ನೋಟರಿ ಅಥವಾ ಪತ್ರಾಂಕಿತ ಅಧಿಕಾರಿ ಅದನ್ನು ದೃಢೀಕರಿಸಬೇಕು. ತಮಗೆ ಮಾತಾಡಲು ಆಗದ ಸ್ಥಿತಿ ಬಂದಾಗ ತಮ್ಮ ಪರವಾಗಿ ನಿರ್ಧರಿಸುವವರ ಹೆಸರುಗಳನ್ನು ಅದರಲ್ಲಿ ಸೂಚಿಸಬೇಕು. ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಲೂ ಅವಕಾಶವಿದೆ. ಪತ್ರವನ್ನು ಯಾವಾಗ ಬೇಕಾದರೂ ಲಿಖಿತವಾಗಿ ರದ್ದುಪಡಿಸಬಹುದು, ಬದಲಿಸಬಹುದು.

ಕುಂಸಿಯಂತಹ ಊರಿನವರಿಗೂ ಇದು ಕೈಗೆಟುಕದ ಸಂಗತಿಯಲ್ಲ. ಮ್ಯಾಜಿಸ್ಟ್ರೇಟರನ್ನು ಹುಡುಕಿಕೊಂಡು ನಗರಕ್ಕೆ ಹೋಗಬೇಕಾಗಿಲ್ಲ; ಸರ್ಕಾರಿ ವೈದ್ಯಾಧಿಕಾರಿಯೋ ಪದವಿಪೂರ್ವ ಕಾಲೇಜಿನ ಪ್ರಾಂಶುಪಾಲರೋ ಪತ್ರಾಂಕಿತ ಅಧಿಕಾರಿಗಳಾಗಿದ್ದರೆ ಸಾಕು. ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ಪತ್ರದ ಪ್ರತಿಯೊಂದನ್ನು ಮಹಾನಗರ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯ ನಿಯೋಜಿತ ಅಧಿಕಾರಿಗೆ ಒಪ್ಪಿಸಬೇಕು, ಅವರು ಅದರ ಪಾಲಕರಾಗಿರಬೇಕು ಎಂದು ನ್ಯಾಯಾಲಯ ಹೇಳಿದೆ. ಶಿವಮೊಗ್ಗ ಮಹಾನಗರ ಪಾಲಿಕೆಯ ಯಾವ ಮೇಜಿನ ಮುಂದೆ, ಭದ್ರಾವತಿ ನಗರಸಭೆಯ ಯಾವ ಕೊಠಡಿಯಲ್ಲಿ, ಕುಂಸಿ ಗ್ರಾಮ ಪಂಚಾಯಿತಿಯ ಯಾವ ಕಡತದಲ್ಲಿ ಈ ಪತ್ರ ಕೂರಬೇಕು ಎಂಬುದು ಊರಿನ ಜನರಿಗೆ ತಿಳಿದಿರಬೇಕು. ಜನನ-ಮರಣ ನೋಂದಣಿಗೆ ಎಲ್ಲಿ ಹೋಗಬೇಕೆಂದು ತಿಳಿದಿರುವಷ್ಟೇ ಸಹಜವಾಗಿ ಇದೂ ತಿಳಿಯುವ ತನಕ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ.

ಪತ್ರ ಇದೆ ಎಂದ ಮಾತ್ರಕ್ಕೆ ಆಸ್ಪತ್ರೆ ತಕ್ಷಣ ಯಂತ್ರ ತೆಗೆಯುವುದಿಲ್ಲ. ಚಿಕಿತ್ಸೆ ನೀಡುತ್ತಿರುವ ವೈದ್ಯರು ಮತ್ತು ಕನಿಷ್ಠ ಐದು ವರ್ಷಗಳ ಅನುಭವವುಳ್ಳ ಇಬ್ಬರು ತಜ್ಞರ ಪ್ರಾಥಮಿಕ ಮಂಡಳಿ ಮೊದಲು ರೋಗಿಯನ್ನು ಪರೀಕ್ಷಿಸುತ್ತದೆ. ಬಳಿಕ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು ಹಾಗೂ ಬೇರೆ ಇಬ್ಬರು ತಜ್ಞರ ದ್ವಿತೀಯ ಮಂಡಳಿ ಅದನ್ನು ಒರೆಗೆ ಹಚ್ಚುತ್ತದೆ. ಎರಡೂ ಮಂಡಳಿಗಳು ಸಾಧ್ಯವಾದಷ್ಟೂ 48 ಗಂಟೆಗಳೊಳಗೆ ಅಭಿಪ್ರಾಯ ನೀಡಬೇಕು. ಕುಟುಂಬದ ಒಪ್ಪಿಗೆ ಬೇಕು. ನಿರ್ಧಾರ ಜಾರಿಗೆ ತರುವ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮಂಡಳಿಗಳಲ್ಲಿ ಒಮ್ಮತ ಬಾರದಿದ್ದರೆ ಹೈಕೋರ್ಟಿಗೆ ಹೋಗುವ ದಾರಿ ತೆರೆದಿದೆ. ಮುಂಗಡ ನಿರ್ದೇಶನ ಇಲ್ಲದ ರೋಗಿಗಳ ವಿಷಯದಲ್ಲಿಯೂ ಕುಟುಂಬದ ಒಪ್ಪಿಗೆಯೊಂದಿಗೆ ಇದೇ ಎರಡು ಮಂಡಳಿಗಳ ದಾರಿ ಅನ್ವಯಿಸುತ್ತದೆ.

ಅಂದರೆ ಆಸ್ತಿಗಾಗಿ ಹಿರಿಯರನ್ನು ಬೇಗ ಕಳುಹಿಸಿಬಿಡುವವರ ಕೈಗೆ ಅಸ್ತ್ರ ಸಿಕ್ಕಿತೆಂಬ ಭಯಕ್ಕೆ ಕಾನೂನಿನಲ್ಲಿ ತಕ್ಕಮಟ್ಟಿಗೆ ತಡೆಯಿದೆ. ತಡೆಯಿಲ್ಲದಿರುವುದು ಬೇರೊಂದು ಒತ್ತಡಕ್ಕೆ. ಅದು ಆಸ್ಪತ್ರೆಯ ಬಿಲ್ಲು.

ವಿಮೆ ಯಾವುದಕ್ಕೆ ಕೊಡುತ್ತದೆ?

ಆರೋಗ್ಯ ವಿಮೆಯ ಮೂಲ ಕಲ್ಪನೆಯೇ ಆಸ್ಪತ್ರೆ ದಾಖಲಾತಿ. ಕೆಲವು ನಿಗದಿತ ಚಿಕಿತ್ಸೆಗಳನ್ನು ಬಿಟ್ಟರೆ, ರೋಗಿ 24 ಗಂಟೆ ಆಸ್ಪತ್ರೆಯಲ್ಲಿರಬೇಕು, ಸಕ್ರಿಯ ಚಿಕಿತ್ಸೆ ನಡೆಯುತ್ತಿರಬೇಕು. ಹಾಗಿದ್ದರೆ ಮಾತ್ರ ಹಣ. ವೆಂಟಿಲೇಟರ್, ಡಯಾಲಿಸಿಸ್, ಶಸ್ತ್ರಚಿಕಿತ್ಸೆ ಎಲ್ಲವೂ ಈ ಚೌಕಟ್ಟಿನೊಳಗೆ ಬರುತ್ತವೆ. ಅದಕ್ಕೂ ಮಿತಿಗಳಿವೆ. ವಿಮಾ ನಿಯಂತ್ರಣ ಪ್ರಾಧಿಕಾರದ ಸೂಚನೆಯಂತೆ 2020ರ ಏಪ್ರಿಲ್‌ನಲ್ಲಿ ಎಲ್ಲ ಕಂಪನಿಗಳೂ ಮಾರುಕಟ್ಟೆಗೆ ತಂದ ‘ಆರೋಗ್ಯ ಸಂಜೀವಿನಿ’ ಎಂಬ ಏಕರೂಪದ ಪಾಲಿಸಿಯಲ್ಲಿ ಐಸಿಯು ಬಾಡಿಗೆಗೆ ವಿಮಾ ಮೊತ್ತದ ಶೇ 5ರಷ್ಟು, ದಿನಕ್ಕೆ ಗರಿಷ್ಠ 10 ಸಾವಿರ ರೂಪಾಯಿ ಎಂದು ಮಿತಿ ಹಾಕಲಾಗಿತ್ತು. ಅಂದರೆ 1 ಲಕ್ಷದ ಪಾಲಿಸಿ ಇದ್ದವರಿಗೆ ದಿನಕ್ಕೆ 5 ಸಾವಿರ. ಅದರ ಮೇಲೆ ಪ್ರತಿ ಕ್ಲೇಮಿನಲ್ಲಿ ಶೇ 5ನ್ನು ವಿಮೆದಾರರೇ ಭರಿಸಬೇಕು.

ಮುಖ್ಯ ಸಂಗತಿ ಇರುವುದು ಪಾಲಿಸಿಯ ಇನ್ನೊಂದು ಪುಟದಲ್ಲಿ. ಯಾವುದಕ್ಕೆ ಹಣ ಕೊಡಲಾಗುವುದಿಲ್ಲ ಎಂಬ ಪಟ್ಟಿಗೆ ಪ್ರಾಧಿಕಾರ 2019ರಲ್ಲಿ ಏಕರೂಪದ ಪದಬಳಕೆಯನ್ನು ಸಿದ್ಧಪಡಿಸಿತು. ಅದರಲ್ಲಿ ‘ಎಕ್ಸ್‌ಕ್ಲೂಷನ್ 05’ ಎಂಬ ಸಂಕೇತದ ಅಡಿಯಲ್ಲಿ ವಿಶ್ರಾಂತಿ ಮತ್ತು ಪುನಶ್ಚೇತನದ ಆರೈಕೆಯನ್ನು ಹೊರಗಿಡಲಾಗಿದೆ. ಮನೆಯಲ್ಲಾಗಲಿ ಶುಶ್ರೂಷಾ ಕೇಂದ್ರದಲ್ಲಾಗಲಿ ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಎದ್ದು ಓಡಾಡಿಸುವುದು ಇದರಲ್ಲಿ ಸೇರಿವೆ. ಅಷ್ಟೇ ಅಲ್ಲ. ಸಾವಿನ ಅಂಚಿನಲ್ಲಿರುವ ರೋಗಿಗಳ ದೈಹಿಕ, ಸಾಮಾಜಿಕ, ಭಾವನಾತ್ಮಕ ಮತ್ತು ಆಧ್ಯಾತ್ಮಿಕ ಅಗತ್ಯಗಳಿಗಾಗಿ ನೀಡುವ ಸೇವೆಗಳೂ ಇಲ್ಲಿಯೇ ಸೇರಿವೆ.

ಉಪಶಾಮಕ ಆರೈಕೆ ಎಂಬುದರ ವ್ಯಾಖ್ಯಾನವನ್ನು ಯಾವುದಾದರೂ ವೈದ್ಯಕೀಯ ಪುಸ್ತಕದಲ್ಲಿ ಓದಿದರೆ ಹೆಚ್ಚು ಕಡಿಮೆ ಇದೇ ಪದಗಳು ಸಿಗುತ್ತವೆ. ಪುಸ್ತಕ ಯಾವುದನ್ನು ಆರೈಕೆ ಎನ್ನುತ್ತದೆಯೋ ಅದನ್ನೇ ಪಾಲಿಸಿ ಹೆಸರಿಟ್ಟು ಹೊರಗಿಟ್ಟಿದೆ. ಸುಪ್ರೀಂ ಕೋರ್ಟು ಸಂವಿಧಾನಬದ್ಧ ಹಕ್ಕೆಂದು ಸಾರಿದ ಘನತೆಯ ಸಾವಿಗೆ ಬೇಕಾದ ನೋವುನಿವಾರಣೆ, ಶುಶ್ರೂಷೆ, ಮನೆಗೆ ಬರುವ ದಾದಿ, ಇವು ಯಾವುವೂ ಸಾಮಾನ್ಯ ಪಾಲಿಸಿಯ ಲೆಕ್ಕಕ್ಕೆ ಬರುವುದಿಲ್ಲ. ಕೆಲವು ಪಾಲಿಸಿಗಳಲ್ಲಿ ಮನೆಯಲ್ಲಿನ ಚಿಕಿತ್ಸೆಗೆ ಅವಕಾಶವಿದ್ದರೂ ಅದು ಆಸ್ಪತ್ರೆಯಲ್ಲಿ ಕೊಡಬೇಕಾಗಿದ್ದ ಸಕ್ರಿಯ ಚಿಕಿತ್ಸೆಗೆ ಬದಲಿಯಾಗಿ ಮಾತ್ರ.

ಸರ್ಕಾರಿ ಯೋಜನೆಯ ಸ್ವರೂಪವೂ ಬಹುಮಟ್ಟಿಗೆ ಇದೇ. 2018ರಿಂದ ಜಾರಿಯಲ್ಲಿರುವ ‘ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ’ದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇ 30, ವರ್ಷಕ್ಕೆ ಗರಿಷ್ಠ ಒಂದೂವರೆ ಲಕ್ಷ. ತುರ್ತು ಸಂದರ್ಭಗಳನ್ನು ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಬಡ ಕುಟುಂಬಗಳಿಗೆ ಇದು ದೊಡ್ಡ ಆಸರೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇದು ನಿಗದಿತ ಚಿಕಿತ್ಸೆಗಳಿಗೆ ಆಸ್ಪತ್ರೆಗೆ ಹಣ ಕಟ್ಟುವ ಯೋಜನೆ. ರೋಗಿ ಮನೆಗೆ ಮರಳಿದ ನಂತರದ ತಿಂಗಳುಗಳ ಭಾರ ಮನೆಯವರದೇ.

‘ಬೇಡ’ ಎಂಬ ಮಾತಿನ ಎರಡು ಅರ್ಥ

ಈ ವ್ಯವಸ್ಥೆಯ ಪರಿಣಾಮ ಎರಡು ದಿಕ್ಕಿನಲ್ಲಿ ಕಾಣುತ್ತದೆ. ಕೈಯಲ್ಲಿ ದೊಡ್ಡ ಮೊತ್ತದ ಪಾಲಿಸಿ ಇರುವ ಕುಟುಂಬ ರೋಗಿಯನ್ನು ಐಸಿಯುನಿಂದ ಹೊರತರಲು ಹಿಂಜರಿಯುತ್ತದೆ. ಅಲ್ಲಿದ್ದರೆ ಕಂಪನಿ ಕೊಡುತ್ತದೆ, ಮನೆಗೆ ತಂದರೆ ಕೈಯಿಂದ ಹಾಕಬೇಕು. ಗುಣವಾಗುವುದಿಲ್ಲವೆಂದು ವೈದ್ಯರು ಹೇಳಿದ ಮೇಲೂ ದಿನಗಳು ವಾರಗಳಾಗುತ್ತವೆ. ರೋಗಿಯ ಕೊನೆಯ ದಿನಗಳು ಮೊಮ್ಮಕ್ಕಳ ಮುಖ ಕಾಣದೆ, ಕೊಳವೆಗಳ ನಡುವೆ ಮುಗಿಯುತ್ತವೆ.

ಪಾಲಿಸಿ ಇಲ್ಲದ ಅಥವಾ ಮೊತ್ತ ಮುಗಿದುಹೋದ ಕುಟುಂಬದ್ದು ಇದಕ್ಕೆ ವಿರುದ್ಧ ಸ್ಥಿತಿ. ಭದ್ರಾವತಿಯ ಉದಾಹರಣೆಯನ್ನೇ ನೋಡಬಹುದು. ಕಬ್ಬಿಣ ಮತ್ತು ಕಾಗದ ಕಾರ್ಖಾನೆಗಳ ಮೇಲೆ ನಿಂತಿದ್ದ ಊರು ಅದು. ಎಂಪಿಎಂನಲ್ಲಿ ಉತ್ಪಾದನೆ ನಿಂತು ದಶಕ ಕಳೆದಿದೆ. ಅಲ್ಲಿ ದುಡಿದ ತಲೆಮಾರು ಈಗ ಕಾಯಿಲೆಯ ವಯಸ್ಸಿನಲ್ಲಿದೆ. ಕಾರ್ಖಾನೆಯ ಕೆಲಸದೊಂದಿಗೆ ಬರುತ್ತಿದ್ದ ವೈದ್ಯಕೀಯ ಸೌಲಭ್ಯ ಕೈತಪ್ಪಿದ ಮೇಲೆ ಉಳಿಯುವುದು ರೇಷನ್ ಕಾರ್ಡು ಅಥವಾ ಮಕ್ಕಳ ಸಂಪಾದನೆ. ಇಂತಹ ಮನೆಗಳಿಂದ ಬಂದ ರೋಗಿಯನ್ನು ಬಂಧುಗಳು ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ’ ಎಂಬ ಕಾಗದಕ್ಕೆ ಸಹಿ ಹಾಕಿ ಮನೆಗೆ ಕೊಂಡೊಯ್ಯುವುದು ರಾಜ್ಯದ ಯಾವ ಆಸ್ಪತ್ರೆಗೂ ಹೊಸ ದೃಶ್ಯವಲ್ಲ. ಆ ಕಾಗದದಲ್ಲಿ ಕಾರಣ ಬರೆದಿರುವುದಿಲ್ಲ. ಕಾರಣ ಹಣ. ಮನೆಗೆ ಮರಳಿದ ಆ ರೋಗಿಗೆ ಆಮ್ಲಜನಕವೂ ಇರುವುದಿಲ್ಲ, ನೋವಿಗೆ ಮಾತ್ರೆಯೂ ಇರುವುದಿಲ್ಲ.

ಮೇಲ್ನೋಟಕ್ಕೆ ಎರಡೂ ಕಡೆ ನಡೆದದ್ದು ‘ಚಿಕಿತ್ಸೆ ಮುಂದುವರಿಸುವುದು’ ಅಥವಾ ‘ನಿಲ್ಲಿಸುವುದು’. ಆದರೆ ಎರಡರಲ್ಲಿಯೂ ನಿರ್ಧರಿಸಿದ್ದು ರೋಗಿಯ ಇಚ್ಛೆಯಲ್ಲ, ಪಾಲಿಸಿಯ ಮೊತ್ತ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4ರಷ್ಟು ಜನರ ಜೇಬಿನಿಂದಲೇ ಹೋಗುತ್ತಿದೆ ಎಂದು 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಇಂತಹ ದೇಶದಲ್ಲಿ ಚಿಕಿತ್ಸೆ ‘ಬೇಡ’ ಎನ್ನುವ ಹಕ್ಕಿಗೆ ಅರ್ಥ ಬರಬೇಕಾದರೆ ‘ಬೇಕು’ ಎಂದವರಿಗೆ ಚಿಕಿತ್ಸೆ, ‘ಬೇಡ’ ಎಂದವರಿಗೆ ಆರೈಕೆ, ಎರಡೂ ಸಿಗುವಂತಿರಬೇಕು. ಇಲ್ಲದಿದ್ದರೆ ಬಡವನ ಅಸಹಾಯಕತೆಗೆ ಹಕ್ಕೆಂಬ ಹೆಸರು ಬೀಳುವ ಅಪಾಯವಿದೆ.

ವೈದ್ಯರ ಮಾತಿಗೂ ಶುಲ್ಕ

ಈ ಸಮಸ್ಯೆಯನ್ನು ಇತರೆಡೆ ಹೇಗೆ ನಿಭಾಯಿಸಿದ್ದಾರೆ ಎಂಬುದು ಇಲ್ಲಿ ಉಪಯುಕ್ತ. ಅಮೆರಿಕದಲ್ಲಿ 65 ದಾಟಿದವರ ಸರ್ಕಾರಿ ವಿಮೆಯಾದ ‘ಮೆಡಿಕೇರ್’ 1980ರ ದಶಕದಲ್ಲಿಯೇ ಅಂತಿಮ ಆರೈಕೆಯನ್ನು ತನ್ನ ವ್ಯಾಪ್ತಿಗೆ ತಂದಿತು. ಇನ್ನು ಆರು ತಿಂಗಳಿಗಿಂತ ಹೆಚ್ಚು ಬದುಕುವುದು ಕಷ್ಟವೆಂದು ವೈದ್ಯರು ಪ್ರಮಾಣೀಕರಿಸಿದರೆ, ಮನೆಗೆ ಬರುವ ದಾದಿಗೂ ನೋವಿನ ಔಷಧಿಗೂ ವಿಮೆ ಹಣ ಕೊಡುತ್ತದೆ. ಕೊನೆಯ ದಿನಗಳ ಚಿಕಿತ್ಸೆಯ ಬಗ್ಗೆ ರೋಗಿಯೊಂದಿಗೆ ಸಮಾಲೋಚಿಸುವ ವೈದ್ಯರಿಗೂ ಶುಲ್ಕ ಕೊಡಬೇಕೆಂಬ ಪ್ರಸ್ತಾವ 2009ರಲ್ಲಿ ಬಂದಾಗ, ಮುದುಕರ ಬದುಕನ್ನು ನಿರ್ಧರಿಸುವ ‘ಸಾವಿನ ಸಮಿತಿ’ಗಳು ಹುಟ್ಟುತ್ತವೆ ಎಂಬ ಕೂಗೆದ್ದು ಅದು ಕೈಬಿಟ್ಟುಹೋಯಿತು. ಗದ್ದಲ ತಣ್ಣಗಾದ ಮೇಲೆ 2016ರ ಜನವರಿ 1ರಿಂದ ಆ ಶುಲ್ಕ ಜಾರಿಗೆ ಬಂತು.

ಅಷ್ಟು ದೂರ ಹೋಗದೆ ನೆರೆಯ ಕೇರಳವನ್ನೂ ನೋಡಬಹುದು. 2008ರಲ್ಲಿ ಉಪಶಾಮಕ ಆರೈಕೆಯ ನೀತಿಯನ್ನು ಪ್ರಕಟಿಸಿದ ಆ ರಾಜ್ಯ ಅದರ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು. ಪಂಚಾಯಿತಿಯ ಅನುದಾನದಲ್ಲಿ ದಾದಿಯರು ಹಾಸಿಗೆ ಹಿಡಿದವರ ಮನೆಗೆ ಭೇಟಿ ನೀಡುವ ವ್ಯವಸ್ಥೆ ಅಲ್ಲಿ ಬೆಳೆಯಿತು. ಗಡಿಯಾಚೆಯ ಕಾಸರಗೋಡಿನ ಕನ್ನಡಿಗರೂ ಆ ವ್ಯವಸ್ಥೆಯ ವ್ಯಾಪ್ತಿಯಲ್ಲಿಯೇ ಇದ್ದಾರೆ. ಕರ್ನಾಟಕದಲ್ಲಿ ಇಂತಹ ಕೆಲಸಕ್ಕೆ ಮಾದರಿಗಳಿಲ್ಲವೆಂದಲ್ಲ. ಬೆಂಗಳೂರಿನ ‘ಕರುಣಾಶ್ರಯ’ 1999ರಿಂದ ಕ್ಯಾನ್ಸರಿನ ಕೊನೆಯ ಹಂತದ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತಿದೆ. ಆದರೆ ಅದು ದಾನಿಗಳ ಬಲದಿಂದ ನಿಂತ ಸಂಸ್ಥೆ. ಕುಂಸಿಯ ರೋಗಿಗೆ ಬೆಂಗಳೂರು ದೂರ.

ವೈದ್ಯರನ್ನು ಕೇಳಬೇಕಾದ ಮಾತು

ನೀತಿಗಳು ಬದಲಾಗುವವರೆಗೆ ಕುಟುಂಬಗಳು ಕೈಕಟ್ಟಿ ಕೂರಬೇಕಾಗಿಲ್ಲ. ಮೊದಲ ಕೆಲಸ ಮಾತು. ಅದಕ್ಕೆ ಸರಿಯಾದ ಜಾಗ ಐಸಿಯುವಿನ ಬಾಗಿಲಲ್ಲ. ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ವರ್ಷಗಳಿಂದ ನೋಡುತ್ತಿರುವ ವೈದ್ಯರ ಕೊಠಡಿ. ‘ಸಾವಿನ ಮಾತು ಬಿಡ್ತು ಅನ್ನಿ’ ಎಂಬ ಸಂಕೋಚ ಮಲೆನಾಡಿನ ಮನೆಗಳಲ್ಲಿ ಗಾಢವಾಗಿಯೇ ಇದೆ. ಆದರೆ ಆಸ್ತಿಯ ಉಯಿಲು ಬರೆಯುವ ಹಿರಿಯರು ದೇಹದ ಬಗ್ಗೆ ಬರೆಯಲು ಹಿಂಜರಿಯಬೇಕಾದ ಕಾರಣವಿಲ್ಲ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಸರಳವಾದವು. ಈ ಕಾಯಿಲೆ ಮುಂದೆ ಯಾವ ಹಾದಿ ಹಿಡಿಯುತ್ತದೆ? ಹೃದಯ ನಿಂತರೆ ಎದೆಯನ್ನು ಒತ್ತಿ ಮರುಚಾಲನೆ ಮಾಡುವ ಪ್ರಯತ್ನದಿಂದ ಈ ವಯಸ್ಸಿನಲ್ಲಿ ಎಷ್ಟು ಪ್ರಯೋಜನ? ವೆಂಟಿಲೇಟರ್ ಹಾಕುವುದಾದರೆ ಕೆಲವು ದಿನಗಳ ಗಡುವಿಟ್ಟು, ಸುಧಾರಣೆ ಕಾಣದಿದ್ದರೆ ಮರುಯೋಚಿಸಲು ಸಾಧ್ಯವೇ? ಮೂಗಿನ ಕೊಳವೆಯ ಆಹಾರ, ಡಯಾಲಿಸಿಸ್ ಎಲ್ಲಿಯವರೆಗೆ? ಯಂತ್ರ ಬೇಡವೆಂದರೆ ನೋವಿಗೆ, ಉಬ್ಬಸಕ್ಕೆ ಏನು ಕೊಡುತ್ತೀರಿ? ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಯಂತ್ರ ನಿಲ್ಲಿಸುವುದೆಂದರೆ ಆರೈಕೆ ನಿಲ್ಲಿಸುವುದಲ್ಲ. ಹೃದಯ ನಿಂತಾಗ ಮರುಚಾಲನೆಯ ಪ್ರಯತ್ನ ಬೇಡವೆಂಬ ನಿರ್ಧಾರದ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಮಾರ್ಗಸೂಚಿ ಪ್ರಕಟಿಸಿದೆ. ಅದರ ತಿರುಳೂ ಇದೇ: ಉಳಿದ ಚಿಕಿತ್ಸೆ ಮುಂದುವರಿಯಬೇಕು.

ಎರಡನೆಯ ಕೆಲಸ ಪಾಲಿಸಿಯನ್ನು ಓದುವುದು. ಐಸಿಯು ಬಾಡಿಗೆಗೆ ಮಿತಿ ಇದೆಯೇ, ಎಷ್ಟು ಪಾಲು ಕೈಯಿಂದ ಕೊಡಬೇಕು, ಮನೆಯಲ್ಲಿನ ಆರೈಕೆಗೆ ಅವಕಾಶವಿದೆಯೇ ಎಂಬುದನ್ನು ಆರೋಗ್ಯವಾಗಿರುವಾಗಲೇ ಕಂಪನಿಯಿಂದ ಲಿಖಿತವಾಗಿ ಕೇಳಿ ತಿಳಿಯಬಹುದು. ಆಸ್ಪತ್ರೆಯಿಂದ ಹೊರಡುವಾಗ ಬಿಡುಗಡೆ ಪತ್ರದಲ್ಲಿ ಏನು ಬರೆದಿದೆ ಎಂಬುದೂ ಮುಖ್ಯ. ವೈದ್ಯರೇ ಒಪ್ಪಿ ಉಪಶಾಮಕ ಆರೈಕೆಗೆ ಕಳುಹಿಸಿದ್ದರೆ ಹಾಗೆಯೇ ದಾಖಲಾಗಬೇಕು. ‘ಸಲಹೆಗೆ ವಿರುದ್ಧವಾಗಿ’ ಎಂಬ ಸಿದ್ಧ ನಮೂನೆಗೆ ಸಹಿ ಹಾಕಿದರೆ ಮುಂದೆ ಕ್ಲೇಮಿನ ಹೊತ್ತಿಗೆ ಪ್ರಶ್ನೆಗಳೇಳಲು ಆಸ್ಪದವಾಗುತ್ತದೆ.

ಮುಂಗಡ ನಿರ್ದೇಶನ ಬರೆದರೆ ಜೀವ ವಿಮೆಯ ಹಣ ಕೈತಪ್ಪುತ್ತದೆಯೇ ಎಂಬ ಆತಂಕವೂ ಕೆಲವರಲ್ಲಿದೆ. ಗುಣವಾಗದ ಕಾಯಿಲೆಯಲ್ಲಿ ಜೀವರಕ್ಷಕ ಚಿಕಿತ್ಸೆಯನ್ನು ನಿರಾಕರಿಸುವುದು ಆತ್ಮಹತ್ಯೆಯಲ್ಲ, ಅಲ್ಲಿ ಸಾವಿಗೆ ಕಾರಣ ಕಾಯಿಲೆಯೇ ಎಂಬ ನಿಲುವಿನ ಮೇಲೆಯೇ 2018ರ ತೀರ್ಪು ನಿಂತಿದೆ. ಆತ್ಮಹತ್ಯೆಯ ಷರತ್ತನ್ನು ಇಂತಹ ಪ್ರಕರಣಕ್ಕೆ ಎಳೆದುತರಲು ಆ ತೀರ್ಪಿನಲ್ಲಿ ಆಧಾರವಿಲ್ಲ. ಹಕ್ಕೊತ್ತಾಯ ಅನ್ಯಾಯವಾಗಿ ತಿರಸ್ಕೃತವಾದರೆ ಮೊದಲು ಕಂಪನಿಗೆ ಲಿಖಿತ ದೂರು, ಬಳಿಕ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡುವ ದಾರಿಯಿದೆ.

ಬದಲಾಗಬೇಕಾದದ್ದು

ವಿಮಾ ಕ್ಷೇತ್ರ ಬದಲಾಗದಂತಹ ಬಂಡೆಯೇನಲ್ಲ. 2024ರ ಏಪ್ರಿಲ್‌ನಿಂದ ಆರೋಗ್ಯ ಪಾಲಿಸಿ ಕೊಳ್ಳಲು ಇದ್ದ ವಯೋಮಿತಿಯನ್ನು ಪ್ರಾಧಿಕಾರ ತೆಗೆದುಹಾಕಿತು. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರಿಸಬೇಕು, ಬಿಡುಗಡೆಯ ಅನುಮತಿಯನ್ನು ಮೂರು ಗಂಟೆಯೊಳಗೆ ಕೊಡಬೇಕು, ರೋಗಿ ತೀರಿಕೊಂಡರೆ ಪಾರ್ಥಿವ ಶರೀರ ಕೂಡಲೇ ಮನೆಯವರಿಗೆ ಸಿಗುವಂತೆ ನೋಡಿಕೊಳ್ಳಬೇಕು ಎಂದು ಅದೇ ವರ್ಷದ ಮೇ ತಿಂಗಳಲ್ಲಿ ಸೂಚಿಸಿತು. ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚಿಸುವ ಮುನ್ನ ತನ್ನೊಂದಿಗೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಹೇಳಿತು. ಸಾವಿನ ನಂತರದ ಗಂಟೆಗಳ ಬಗ್ಗೆ ಇಷ್ಟು ಕಾಳಜಿ ತೋರಿದ ವ್ಯವಸ್ಥೆ ಸಾವಿಗೆ ಮುಂಚಿನ ತಿಂಗಳುಗಳ ಬಗ್ಗೆಯೂ ಯೋಚಿಸಬಹುದು. ಸಾವಿನಂಚಿನ ರೋಗಿಗಳ ಸೇವೆಯನ್ನು ಹೊರಗಿಡುವ ವಾಕ್ಯವನ್ನು ಪಾಲಿಸಿಗಳಿಂದ ತೆಗೆಸುವುದು ಮೊದಲ ಹೆಜ್ಜೆ. ಐಸಿಯುವಿನ ಹಲವು ದಿನಗಳಿಗೆ ಹೋಲಿಸಿದರೆ ಮನೆಗೆ ಬರುವ ದಾದಿ ಮತ್ತು ನೋವಿನ ಔಷಧಿಯ ವೆಚ್ಚ ಕಂಪನಿಗಳಿಗೂ ಹೊರೆಯಾಗಲಾರದು.

ರಾಜ್ಯ ಸರ್ಕಾರದ ಪಾಲೂ ಇದೆ. ಆರೋಗ್ಯ ಕರ್ನಾಟಕದ ಚಿಕಿತ್ಸಾ ಪಟ್ಟಿಯಲ್ಲಿ ಮನೆಯ ಉಪಶಾಮಕ ಆರೈಕೆಗೂ ದರ ನಿಗದಿಯಾಗಬೇಕು. ಉಪಕೇಂದ್ರ ಮಟ್ಟದ ಆಯುಷ್ಮಾನ್ ಆರೋಗ್ಯ ಮಂದಿರಗಳು ನೀಡಬೇಕಾದ 12 ಬಗೆಯ ಸೇವೆಗಳಲ್ಲಿ ವೃದ್ಧರ ಮತ್ತು ಉಪಶಾಮಕ ಆರೈಕೆಯೂ ಕಾಗದದಲ್ಲಿ ಇದೆ. ಅದು ಮನೆಬಾಗಿಲಿಗೆ ಬರಬೇಕು. ಮಾರ್ಫಿನ್ ಪೂರೈಕೆಯ ಕಾನೂನು ತೊಡಕುಗಳನ್ನು ಸಂಸತ್ತು 2014ರಲ್ಲಿಯೇ ಸಡಿಲಿಸಿದೆ. ತಾಲ್ಲೂಕು ಮಟ್ಟದಲ್ಲಿ ಆ ಮಾತ್ರೆ ಸಿಗುವಂತಾಗಬೇಕು. ಪಾಲಿಕೆ, ನಗರಸಭೆ, ಪಂಚಾಯಿತಿಗಳಲ್ಲಿ ಮುಂಗಡ ನಿರ್ದೇಶನ ಸ್ವೀಕರಿಸುವ ಅಧಿಕಾರಿ ಯಾರೆಂದು ಫಲಕದಲ್ಲಿ ಬರೆದು ಹಾಕಬೇಕು. ಮೆಗ್ಗಾನ್‌ನಂತಹ ಬೋಧನಾ ಆಸ್ಪತ್ರೆಗಳಲ್ಲಿ ಕಲಿಯುವ ಯುವ ವೈದ್ಯರಿಗೆ ಕೊಳವೆ ಹಾಕುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಈ ಕಷ್ಟದ ಮಾತನ್ನು ಆಡುವುದನ್ನೂ ಕಲಿಸಬೇಕು.

ಇದೆಲ್ಲ ಆದರೂ ಕುಂಸಿಯಿಂದ ಶಿವಮೊಗ್ಗಕ್ಕೆ ನಡುರಾತ್ರಿಯಲ್ಲಿ ಹೊರಡುವ ಆಂಬ್ಯುಲೆನ್ಸ್ ನಿಲ್ಲುವುದಿಲ್ಲ. ಆದರೆ ಅದರಲ್ಲಿ ಕುಳಿತ ಮಗನ ಕೈಯಲ್ಲಿ ಅಪ್ಪಯ್ಯ ಸಹಿ ಹಾಕಿದ ಒಂದು ಹಾಳೆ ಇರುತ್ತದೆ. ಅದರಲ್ಲಿ ಬರೆದಿರುವುದು ‘ಎಲ್ಲ ಪ್ರಯತ್ನವನ್ನೂ ಮಾಡಿ’ ಎಂದಾಗಿರಲಿ, ‘ಮನೆಗೆ ಕರೆದುಕೊಂಡು ಹೋಗಿ’ ಎಂದಾಗಿರಲಿ, ಹಣದ ಲೆಕ್ಕ ಹಾಕದೆ ಅದನ್ನು ಪಾಲಿಸುವ ಅವಕಾಶ ಆ ಮಗನಿಗೆ ಸಿಕ್ಕ ದಿನ ನ್ಯಾಯಾಲಯ ಕೊಟ್ಟ ಹಕ್ಕು ಪೂರ್ಣವಾಗುತ್ತದೆ.